ತಟ್ಟಿ ನೋಡಿದ ಕೋವಿ

ನಲವತ್ತು ವರ್ಷ ಕೋಟು ಹೊಲಿದ ಆ ವೃದ್ಧರನ್ನು ಬೀದಿಯವರೆಲ್ಲ ಕರೆಯುವುದು ಕೋವಿ ಟೇಲರ್ ಎಂದೇ. ಹೊಲಿಗೆ ಯಂತ್ರಗಳಿದ್ದ ಹಿಂದಿನ ಕೋಣೆಯಲ್ಲೀಗ ಕಬ್ಬಿಣದ ಬೀರು, ಅದರಲ್ಲಿ ಹದಿನಾಲ್ಕು ಹಳೆಯ ಜೋಡಿನಳಿಗೆ ಕೋವಿಗಳು. ಪ್ರತಿ ಶನಿವಾರ ಎರಡನ್ನು ಬಿಚ್ಚುತ್ತಾರೆ. ಸಲಾಕೆಗೆ ಬಟ್ಟೆ ಸುತ್ತಿ ನಳಿಗೆಯೊಳಗೆ ಆಡಿಸಿ, ಎಣ್ಣೆ ಸವರುತ್ತಾರೆ. ಕೊನೆಗೆ ಜೋಡಿನಳಿಗೆಯನ್ನು ದಾರದಲ್ಲಿ ತೂಗುಬಿಟ್ಟು ಬೆರಳ ಗೆಣ್ಣಿನಿಂದ ತಟ್ಟುತ್ತಾರೆ. ಎರಡು ನಳಿಗೆಗಳನ್ನು ಸೇರಿಸಿದ ಪಟ್ಟಿಯ ಬೆಸುಗೆ ಗಟ್ಟಿಯಿದ್ದರೆ ಗಂಟೆಯಂಥ ನಾದ. ಮೊದ್ದು ಸದ್ದು ಬಂದರೆ ಬೆಸುಗೆ ಬಿಟ್ಟಿದೆ, ಸಂದಿನಲ್ಲಿ ತುಕ್ಕು ಕೂತು ನಳಿಗೆಯನ್ನು ತಿನ್ನುತ್ತಿದೆ, ಹಾರಿಸಿದರೆ ಕೈಯಲ್ಲೇ ಸಿಡಿಯಬಹುದು ಎಂದರ್ಥ. ಹಳೆ ಕೋವಿ ಕೊಳ್ಳುವವರು ಮೊದಲು ಇವರ ಹತ್ತಿರ ತಂದು ತಟ್ಟಿಸುತ್ತಿದ್ದರು.

ಹಳೆ ಕೋವಿಗಳ ಗುರಿ ಪಂದ್ಯದ ದಿನ ಬೆಳಿಗ್ಗೆ ಹೆಂಡತಿಯ ತಮ್ಮ ಬಂದು ಒಂದನ್ನು ಕೇಳಿದ. ಅವನಿಗೂ ಲೈಸೆನ್ಸ್ ಇತ್ತು. ಟೇಲರ್ ತಟ್ಟಿದರು.

“ಗಂಟೆ ಥರ ಇದೆ. ತಗೊಂಡು ಹೋಗಪ್ಪ.”

ಅವನು ಹೋದ ಮೇಲೆ, ಹೊಸ್ತಿಲಲ್ಲಿ ಬೀನ್ಸ್ ಬಿಡಿಸುತ್ತಿದ್ದ ಹೆಂಡತಿ ಕೇಳಿದರು: “ಯಾವ ಗಂಟೆ ರೀ? ಒಡಕು ಬಕೆಟ್ ತಟ್ಟಿದ ಹಾಗಿತ್ತು.”

“ತಮ್ಮ ಅಂತ ಸುಮ್ನೆ ಹೆದರಬೇಡ.”

“ಅವನ ತಲೆ ತಟ್ಟಿದ್ರೂ ಇದಕ್ಕಿಂತ ಚೆನ್ನಾಗಿ ಕೇಳಿಸುತ್ತೆ.”

ಟೇಲರ್ ಇನ್ನೊಂದು ಕೋವಿಯ ನಳಿಗೆ ತೂಗುಬಿಟ್ಟು ತಟ್ಟಿದರು. ನಾದ. ಆಮೇಲೆ ಅದನ್ನೇ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ತಟ್ಟಿದರು. ಕೈಯಲ್ಲಿ ಹಿಡಿದ ನಳಿಗೆ ನಾದ ಮಾಡುವುದಿಲ್ಲ. ಅವರಿಗೆ ನಾದ ಕೇಳಿಸಿತು. ಕೆಳಗಿಟ್ಟು ಸುಮ್ಮನೆ ಕೂತರು. ಆಗಲೂ ಕಿವಿಯೊಳಗೆ ಅದೇ ನಾದ ಕೇಳಿಸುತ್ತಿತ್ತು.

ಭಾಮೈದ ಫೋನ್ ಎತ್ತಲಿಲ್ಲ. ಗಂಡ ಹೆಂಡತಿ ಬಾಡಿಗೆ ಕಾರು ಹಿಡಿದು ಮೈದಾನ ತಲುಪಿದಾಗ ಅವನ ಸರದಿಗೆ ಇನ್ನಿಬ್ಬರು ಬಾಕಿ.

“ಎಲ್ಲರೆದುರು ಮಾನ ಕಳೀತೀರಲ್ಲ ಭಾವ! ಅಕ್ಕಂಗೆ ಕೋವಿ ವಿಷಯ ಏನು ಗೊತ್ತು?”

“ಬಕೆಟ್ ವಿಷಯ ಗೊತ್ತು ಕಣೋ. ಕೊಡು ಇಲ್ಲಿ,” ಎಂದರು ಅಕ್ಕ.

ಮೈದಾನದ ಕೋವಿ ರಿಪೇರಿಯವನು ನಳಿಗೆ ಕಳಚಿ ತೂಗುಬಿಟ್ಟು ಒಮ್ಮೆ ತಟ್ಟಿದ. ಎರಡನೇ ಸಲ ತಟ್ಟಲಿಲ್ಲ. ಪಟ್ಟಿಯ ಅಂಚಿಗೆ ಚಾಕುವಿನ ತುದಿ ಹಾಕಿ ಮೀಟಿದ. ಕಂದು ಪುಡಿ ಮೇಜಿನ ಮೇಲೆ ಉದುರಿತು.

“ಇದನ್ನ ಸರಿ ಇದೆ ಅಂದೋರು ಯಾರು?”

“ನಾನೇ,” ಎಂದರು ಟೇಲರ್.

ಭಾಮೈದ ನಳಿಗೆ ಹಿಡಿಯಬೇಕಿದ್ದ ತನ್ನ ಎಡಗೈಯನ್ನೇ ನೋಡುತ್ತ ನಿಂತ. ಟೇಲರ್‌ಗೆ ಭಯವೂ ಆಗಲಿಲ್ಲ, ಸಮಾಧಾನವೂ ಆಗಲಿಲ್ಲ. ಎರಡರಲ್ಲಿ ಒಂದಾದರೂ ಆಗಬೇಕಿತ್ತಲ್ಲ ಎಂದುಕೊಂಡರು, ಅಷ್ಟೇ.

ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಫೋನ್ ಹಿಡಿದು ಕೂತರು. ಈಚಿನ ನಾಲ್ಕು ವರ್ಷದಲ್ಲಿ ತಾವು ತಟ್ಟಿಕೊಟ್ಟವರಲ್ಲಿ ಒಂಬತ್ತು ಜನ ಸಿಕ್ಕರು. ಎಲ್ಲರಿಗೂ ಒಂದೇ ಮಾತು: “ಆ ಕೋವಿ ಹಾರಿಸಬೇಡಿ. ಬೇರೆಯವರ ಹತ್ರ ತಟ್ಟಿಸಿ.”

“ನೀವೇ ತಾನೆ ಗಂಟೆ ಅಂದಿದ್ದು, ಮಾಸ್ಟ್ರೇ?” ಎಂದ ಅವರಲ್ಲೊಬ್ಬ.

“ನನಗೆ ಎಲ್ಲಾ ಗಂಟೆ ಥರಾನೇ ಕೇಳಿಸುತ್ತೆ.”

ಹತ್ತನೆಯವನೊಬ್ಬನಿದ್ದ. ಅವನಿಗೆ ಕೋಟನ್ನೂ ಹೊಲಿದುಕೊಟ್ಟಿದ್ದರು. ಎದೆ ನಲವತ್ತು, ತೋಳು ಇಪ್ಪತ್ನಾಲ್ಕು, ಬಲ ಭುಜ ಸ್ವಲ್ಪ ಇಳಿಜಾರು. ಹೆಸರು ಮಾತ್ರ ನೆನಪಿಗೆ ಬರಲಿಲ್ಲ.