ಓಗೊಡುವ ಯಂತ್ರ

ಇದನ್ನು ಹೇಳಿಬಿಡಬೇಕೆಂದು ಕುಳಿತು, ಪೆನ್ನು ಸರಿಯಿಲ್ಲ, ಕನ್ನಡಕ ಮಂಜಾಗಿದೆ, ಕಾಫಿ ಆರುತ್ತಿದೆ ಎಂದು ಎದ್ದುಹೋದದ್ದು ಎಷ್ಟು ಸಲವೋ. ನಾಲ್ಕು ವರ್ಷ ಮುಂದೂಡಿದ್ದೇನೆ. ಈ ವಿದ್ಯೆಯಲ್ಲಿ ನನ್ನಷ್ಟು ನುರಿತವರು ಪರ್ತ್ ನಗರದಲ್ಲಿ ಇನ್ನೊಬ್ಬರಿರಲಾರರು. ಇವತ್ತು ಕಾಫಿ ಕುಡಿದೇ ಕುಳಿತಿದ್ದೇನೆ. ನೆಪ ಒಂದೂ ಉಳಿದಿಲ್ಲ.

ನನ್ನ ಸೊಸೆ ಶೈಲಾ ಹಾರುತ್ತಾಳೆ. ವಿಮಾನದಲ್ಲಿ ಅಲ್ಲ. ವಾರವಿಡೀ ಇಲ್ಲೇ ಪರ್ತ್‌ನ ವೆಲ್ಷ್‌ಪೂಲ್ ಬಡಾವಣೆಯ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಶನಿವಾರ ಬಂತೆಂದರೆ ಬೆನ್ನಿಗೊಂದು ದೊಡ್ಡ ಗಂಟು ಹೊತ್ತು ಊರಾಚೆಯ ಗೋಧಿ ಬಯಲಿಗೆ ಹೋಗಿ, ಗಂಟು ಬಿಚ್ಚಿ, ಬಟ್ಟೆಯ ರೆಕ್ಕೆಗೆ ಜೋತುಬಿದ್ದು ಆಕಾಶಕ್ಕೇರುತ್ತಾಳೆ. ಪ್ಯಾರಾಗ್ಲೈಡಿಂಗ್ ಅಂತೆ. ನಾನು ಬಲ್ಬ್ ಹಾಕಲು ಸ್ಟೂಲ್ ಹತ್ತಿದರೆ "ಮಾವ, ಇಳೀರಿ ಕೆಳಗೆ, ಬಿದ್ದುಗಿದ್ದೀರಿ!" ಎಂದು ಗದರುವವಳೂ ಇವಳೇ.

ಆ ಬಯಲಿನಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಹಾಗಾಗಿ ಉಪಗ್ರಹದ ಮೂಲಕ ತಾನಿರುವ ಜಾಗವನ್ನು ತಿಳಿಸುವ, ಆಪತ್ತಿನಲ್ಲಿ ಕೂಗಿ ಕರೆಯುವ ಅಂಗೈಯಗಲದ ಯಂತ್ರವೊಂದು ಬೇಕಾಯಿತು. ಮಗ ಆಗ ಎರಡು ವರ್ಷದ ಸಂಶೋಧನೆಗೆಂದು ಬ್ರಿಸ್ಬೇನ್‌ನ ಸೇಂಟ್ ಲೂಸಿಯಾದಲ್ಲಿದ್ದ. ಆಯ್ಕೆಯ ಹೊಣೆ ನಾನೇ ಕೇಳಿ ಪಡೆದೆ. ಓದು ಹೈಸ್ಕೂಲಿಗೇ ನಿಂತರೇನು, ಮೈಸೂರಿನ ಬಸ್ ಡಿಪೊದಲ್ಲಿ ಮೂವತ್ತು ವರ್ಷ ಸ್ಟೋರ್ ಕೀಪರ್ ಆಗಿದ್ದವನು ನಾನು. ಬೇರಿಂಗನ್ನು ಅಂಗೈಯಲ್ಲಿಟ್ಟು ತೂಗಿದರೆ ಸಾಕು, ಅಸಲಿಯೋ ನಕಲಿಯೋ ಹೇಳಬಲ್ಲೆ. ಉಪಗ್ರಹವೂ ಒಂದು ಬಿಡಿಭಾಗವೇ ಅಲ್ಲವೇ?

ಯಂತ್ರಗಳಲ್ಲಿ ಮೂರು ಜಾತಿ. ಒಂದು, ಪ್ರಾಣಕ್ಕೆ ಬಂದಾಗ ಮಾತ್ರ ಬಾಯಿ ತೆರೆಯುವ ಮೌನಿ. ಇನ್ನೊಂದು, ಬೇಕಾದಾಗಲೆಲ್ಲ ಸಂದೇಶ ಕಳಿಸುತ್ತದೆ, ಆದರೆ ಕಿವುಡು. ಮೂರನೆಯದು ಹೇಳುತ್ತದೆ, ಕೇಳಿಸಿಕೊಳ್ಳುತ್ತದೆ ಕೂಡ; ಫೋನಿಗೆ ಜೋಡಿಸಿಕೊಂಡರೆ ಸಿಗ್ನಲ್ ಇಲ್ಲದ ಕಡೆಯೂ ಓಲೆ ಬರೆಯಬಹುದು, ಓದಬಹುದು. ಶೈಲಾಳಿಗೆ ಎರಡನೆಯದರ ಮೇಲೆ ಮನಸ್ಸು. ನನಗೋ ದನ ಕಾಯುವವರ ನೆನಪು. ಈ ದಿಣ್ಣೆಯವನು "ಕೂ" ಎಂದರೆ ಆ ದಿಣ್ಣೆಯವನು "ಓ" ಎನ್ನಬೇಕು. ಓಗೊಟ್ಟರೆ ಅರ್ಧ ಭಯ ಹೋದಂತೆ.

"ಅದು ಭಾರ ಮಾವ, ಬ್ಯಾಟರಿ ಬೇರೆ ಬೇಗ ಹೋಗ್ಬಿಡತ್ತೆ."

"ತಿಂಡಿ ಡಬ್ಬಿ ಚಿಕ್ಕದು ತಗೊಂಡೋಗಮ್ಮ. ಓ ಅನ್ನದೇ ಇರೋದಕ್ಕೆ ದೇವರೇ ಇದ್ದಾನಲ್ಲ, ಅದಕ್ಕೂ ಒಂದು ಯಂತ್ರ ಬೇಕಾ?"

ಅವಳು ನಕ್ಕಳು, ಸೋತಳು. ಮೂರನೆಯದೇ ಮನೆಗೆ ಬಂತು. ಆ ವಾರವೆಲ್ಲ ನಾನು ಎದೆಯುಬ್ಬಿಸಿ ತಿರುಗಿದೆ.

ಯಂತ್ರಕ್ಕೆ ಮೂರು ಗುಂಡಿ. ಒಂದನೆಯದು, ಕ್ಷೇಮವಾಗಿ ಇಳಿದೆ. ಮೂರನೆಯದು, ಪ್ರಾಣಾಪಾಯ, ಹೆಲಿಕಾಪ್ಟರ್ ಬರಲಿ. ನಡುವಿನದು, ಪೆಟ್ಟಾಗಿದೆ, ಯಾರಾದರೂ ಬನ್ನಿ. ಒತ್ತಿದರೆ ಯಾವ ಮಾತು ಹೋಗಬೇಕೆಂದು ಮನೆಯ ಕಂಪ್ಯೂಟರಿನಲ್ಲಿ ಮೊದಲೇ ಬರೆದಿಡಬೇಕು. ಆ ಮಾತು ಇಬ್ಬರಿಗೆ ಹೋಗುತ್ತದೆ: ನನಗೆ, ಮತ್ತು ಅಡಿಲೇಡ್‌ನ ಅವಳ ಗೆಳೆಯನಿಗೆ. ತಾನು ಪರ್ತ್‌ನಲ್ಲಿದ್ದಾಗ ಅವಳಿಗೆ ಹಾರಲು ಕಲಿಸಿದ ನಮ್ಮ ಮೈಸೂರಿನ ಹುಡುಗ. ಅವಳು ಹಾರುವ ದಿನ ಅವನು ಅಲ್ಲಿಂದ ಕಾವಲು, ಅವನು ಹಾರುವ ದಿನ ಇವಳು ಇಲ್ಲಿಂದ. ಅವನ ಹೆಸರನ್ನು ಈಗ ಬರೆಯಲಾರೆ. ಬರೆದರೆ ಪೆನ್ನು ಮತ್ತೆ ನಿಲ್ಲುತ್ತದೆ.

ಶೈಲಾ ಬಟ್ಟೆ ಮಡಿಸುತ್ತ ಹೇಳಿದಳು, ನಾನು ಟೈಪ್ ಮಾಡಿದೆ: "ಪೆಟ್ಟಾಗಿದೆ. ಬಂದು ಕರೆದುಕೊಂಡು ಹೋಗಿ." ಅವಳು ಎದ್ದುಹೋದ ಮೇಲೆ ಆ ಸಾಲನ್ನು ಇನ್ನೊಮ್ಮೆ ಓದಿದೆ. ಬಳೆ ಒಡೆದರೆ "ಬಳೆ ಹೆಚ್ಚಿತು" ಎನ್ನುವ, ದೀಪ ಆರಿದರೆ "ದೀಪ ಶಾಂತವಾಯಿತು" ಎನ್ನುವ ಜನ ನಾವು. ನಾವು ಆಡಿದ ಮಾತಿಗೆಲ್ಲ "ಅಸ್ತು" ಎಂದುಬಿಡುವ ದೇವತೆಗಳು ತಲೆಯ ಮೇಲೆಯೇ ಸುಳಿದಾಡುತ್ತಿರುತ್ತಾರಂತೆ. ಈ ಹುಡುಗಿಯೋ ಅವರು ಓಡಾಡುವ ಎತ್ತರದಲ್ಲೇ ಹಾರುವವಳು! ಅಶುಭವನ್ನು ಮುಂಗಡವಾಗಿ ಬರೆದಿಡುವುದೇ? ಅಳಿಸಿ ಹೀಗೆ ಬರೆದೆ: "ದೇವರ ದಯೆಯಿಂದ ಎಲ್ಲ ಕ್ಷೇಮ. ಸ್ವಲ್ಪ ತಡವಾಗಬಹುದು." ಅವಳಿಗೆ ಹೇಳಲಿಲ್ಲ.

ಬೇಸಿಗೆಯ ಒಂದು ಶನಿವಾರ, ನಡು ಮಧ್ಯಾಹ್ನ, ಹುರುಳಿಕಾಯಿ ಹೆಚ್ಚುತ್ತಿದ್ದೆ. ಫೋನು ಟಣ್ ಎಂದಿತು. "ದೇವರ ದಯೆಯಿಂದ ಎಲ್ಲ ಕ್ಷೇಮ. ಸ್ವಲ್ಪ ತಡವಾಗಬಹುದು." ನನ್ನದೇ ವಾಕ್ಯ. ಜಗತ್ತಿನಲ್ಲಿ ಅದರ ನಿಜವಾದ ಅರ್ಥ ಬಲ್ಲವನು ನಾನೊಬ್ಬನೇ.

ತಕ್ಷಣ ಬರೆದೆ: "ನಡುವಿನ ಗುಂಡಿಯಾ?" ಆರು ನಿಮಿಷವಾದ ಮೇಲೆ ಓ ಬಂತು: "ಹೌದು. ಕಾಲು."

ತುರ್ತು ಸೇವೆಗೆ ಫೋನ್ ಮಾಡಿದೆ. ನನ್ನ ಇಂಗ್ಲಿಷಿಗೆ ಆ ಹೆಣ್ಣುಮಗಳು ಮೊದಲು ತಬ್ಬಿಬ್ಬಾದಳು. ಆಮೇಲೆ ಜಾಗದ ಅಕ್ಷಾಂಶ ರೇಖಾಂಶಗಳ ಸರದಿ ಬಂತು. ಅಲ್ಲಿ ನಾನು ರಾಜ! ಗೊರಗೊರ ಎನ್ನುವ ಡಿಪೊ ಫೋನಿನಲ್ಲಿ ಹತ್ತಂಕಿಯ ಪಾರ್ಟ್ ನಂಬರುಗಳನ್ನು ಮೂವತ್ತು ವರ್ಷ ಓದಿದ ಗಂಟಲು. ಒಂದೊಂದೇ ಅಂಕಿ, ನಡುವೆ ಉಸಿರು, ಕೊನೆಗೊಮ್ಮೆ ಪುನರಾವರ್ತನೆ. "ಬ್ರಿಲಿಯಂಟ್, ಮೇಟ್!" ಎಂದಳು. ಆ ಮೆಚ್ಚುಗೆ ನನಗೆ ಡಿಪೊದಲ್ಲಿ ಒಂದು ದಿನವೂ ಸಿಕ್ಕಿರಲಿಲ್ಲ.

"ಬರ್ತಿದಾರೆ. ರೆಕ್ಕೆಯನ್ನೇ ನೆರಳಿಗೆ ಹೊದ್ದುಕೋ" ಎಂದು ಬರೆದೆ. "ನೀರು ಮುಗೀತು" ಎಂದು ಬಂತು. ನನಗೆ ಅಸ್ತು ದೇವತೆಗಳ ನೆನಪೇ ಆಗಲಿಲ್ಲ. ಮುಗಿದದ್ದನ್ನು ಮುಗಿಯಿತು ಎನ್ನುವುದು ಎಷ್ಟು ಉಪಕಾರದ ಮಾತು ಎನಿಸಿತು. ನೀರಿನ ವಿಷಯವನ್ನೂ ಫೋನಿನಲ್ಲಿ ತಿಳಿಸಿದೆ. ಗಂಟೆಯೊಳಗೆ ಪಕ್ಕದ ಹೊಲದ ರೈತನೊಬ್ಬ ನೀರಿನ ಕ್ಯಾನ್ ಹಿಡಿದು ತಲುಪಿದ. ಅವನ ಹಿಂದೆಯೇ ಆಂಬುಲೆನ್ಸ್. "ಬಂದ್ರು ಮಾವ!" ಎಂಬ ಎರಡು ಪದ ಬಂದಾಗ ಅಡುಗೆಮನೆಯಲ್ಲಿ ಹುರುಳಿಕಾಯಿಯ ಚಾಕು ಹಿಡಿದೇ ಕುಣಿದೆ. ಓಗೊಡುವ ಯಂತ್ರ ಗೆದ್ದಿತ್ತು. ಆರಿಸಿದವನೂ ಗೆದ್ದಿದ್ದ.

ಮುಂದೆ ಮಗನನ್ನು ನೋಡಲು ಬ್ರಿಸ್ಬೇನ್‌ಗೆ ಹೋದಾಗ ನಾರ್ತ್ ಲೇಕ್ಸ್‌ನ ಕನ್ನಡಿಗರು ಸಭೆ ಸೇರಿಸಿ ನನಗೆ ಪೇಟ ತೊಡಿಸಿ ಶಾಲು ಹೊದಿಸಿದರು. "ಎಲ್ಲ ಕ್ಷೇಮ ಎಂಬ ಮಾತಿನ ಹಿಂದಿನ ಅಪಾಯ ಅಂಕಲ್‌ಗೆ ಹೇಗೆ ಹೊಳೀತು?" ಎಂದು ಯಾರೂ ಕೇಳಲಿಲ್ಲ. ಕೇಳುವಂತೆಯೂ ಇರಲಿಲ್ಲ. ಏಕೆಂದರೆ ಅಪಘಾತದ ಸಂಜೆ, ಆಸ್ಪತ್ರೆಗೆ ಹೊರಡುವ ಮೊದಲು, ಕಂಪ್ಯೂಟರ್ ತೆರೆದು ನನ್ನ ಸಾಲನ್ನು ಅಳಿಸಿ ಶೈಲಾಳ ಸಾಲನ್ನೇ ಮರಳಿ ಬರೆದಿದ್ದೆ. ಅವಳ ಫೋನಿನಲ್ಲಿದ್ದ ನನ್ನ ಓಲೆಗಳನ್ನು ಎಲ್ಲರೂ ನೋಡಿದರು. ನನ್ನ ಫೋನಿಗೆ ಬಂದಿದ್ದ ಮೊದಲ ಸಾಲನ್ನು ನಾನು ತೋರಿಸಲಿಲ್ಲ.

ಅಡಿಲೇಡ್‌ನ ಆ ಹುಡುಗ ನನ್ನ ಸಾಲನ್ನು ಓದಿ, ಎಲ್ಲ ಕ್ಷೇಮ ತಾನೇ ಎಂದು ಗೆಳೆಯರ ಬಾರ್ಬೆಕ್ಯೂ ಊಟಕ್ಕೆ ಹೋಗಿದ್ದ. ಯಾರು ತಾನೇ ಹೋಗುತ್ತಿರಲಿಲ್ಲ?

"ಪೆಟ್ಟಾಗಿದೆ ಅನ್ನೋ ಮೆಸೇಜ್ ನೋಡಿನೂ ಅವನು ತಿನ್ನೋಕೆ ಹೋದ್ನಲ್ಲ, ಮಾವ!" ಎಂದು ಪ್ಲಾಸ್ಟರ್ ಹಾಕಿದ ಕಾಲು ಚಾಚಿ ಅತ್ತಳು ಶೈಲಾ. "ಕೇಳಿದ್ರೆ, ಸ್ವಲ್ಪ ಲೇಟ್ ಅಂತಷ್ಟೇ ಬಂದಿತ್ತು ಅಂತಾನೆ. ಸುಳ್ಳು ಬೇರೆ!"

"ಹೋಗ್ಲಿ ಬಿಡಮ್ಮ" ಎಂದೆ. ದೊಡ್ಡ ಮನುಷ್ಯನಂತೆ.

ಅವಳು ಅವನ ಫೋನ್ ಎತ್ತುವುದನ್ನು ಬಿಟ್ಟಳು. ಹಾರುವ ಬಳಗದವರೂ ಅವನನ್ನು ಕಾವಲಿಗೆ ಕರೆಯುವುದನ್ನು ನಿಲ್ಲಿಸಿದರು. ಮೂರನೆಯ ದಿನ ನನ್ನ ಫೋನಿಗೆ ಅವನಿಂದ ಒಂದು ಚಿತ್ರ ಬಂತು, ನನ್ನ ಆ ಸಾಲಿನದೇ. ಕೆಳಗೆ: "ಅಂಕಲ್, ನಂಗೆ ಬಂದಿದ್ದು ಇದು. ನಿಮಗೂ ಇದೇ ಬಂತಾ?" ಫೋನನ್ನು ಬೋರಲು ಹಾಕಿದೆ. ಅವನು ಮತ್ತೆ ಕೇಳಲಿಲ್ಲ. ಆ ಚಿತ್ರವನ್ನು ಹತ್ತು ಜನಕ್ಕೆ ತೋರಿಸಿದ್ದರೆ ಆ ಪೇಟ ನನ್ನ ತಲೆಗೆ ಏರುತ್ತಲೇ ಇರಲಿಲ್ಲ. ಒಬ್ಬರಿಗೂ ತೋರಿಸಲಿಲ್ಲ. ಅವನಿಗೆ ಎಲ್ಲ ಗೊತ್ತಾಗಿತ್ತು.

ಕಳೆದ ವಾರ ಶೈಲಾಳಿಗೆ ಹೇಳಿದೆ.

"ನಾಲ್ಕು ವರ್ಷ ಮಾವ."

"ಹೌದಮ್ಮ."

"ನನ್ನ ತಪ್ಪು ನಾನು ಅವನ ಹತ್ರ ಹೇಳ್ಕೋತೀನಿ. ನಿಮ್ಮದು ನೀವೇ ಹೇಳ್ಬೇಕು. ಓ ಅನ್ನೋ ಯಂತ್ರಾನೇ ಬೇಕು ಅಂತ ಹಠ ಹಿಡಿದಿದ್ದು ಯಾರು?"

ಹೊಗಳಿಕೆಯನ್ನು ಸಭೆಯಲ್ಲಿ ಪಡೆದವನು ತಪ್ಪನ್ನು ಮೂಲೆಯಲ್ಲಿ ಒಪ್ಪಿಕೊಂಡರೆ ಸಾಲದು. ಅದಕ್ಕೇ ನಿಮ್ಮೆದುರು ಬರೆಯುತ್ತಿದ್ದೇನೆ. ವಿಚಿತ್ರವೆಂದರೆ, ಪೇಟ ತೊಟ್ಟ ದಿನಕ್ಕಿಂತ ಇವತ್ತು ಎದೆ ಹೆಚ್ಚು ಉಬ್ಬಿದೆ. ಉಪಗ್ರಹಕ್ಕೆ ಆರು ನಿಮಿಷ ಹಿಡಿದ ಕೆಲಸಕ್ಕೆ ನನಗೆ ನಾಲ್ಕು ವರ್ಷ ಹಿಡಿಯಿತು, ಅಷ್ಟೇ. ಇಗೋ, ನಿನ್ನ ಕೂಗಿಗೆ ನನ್ನ ಓ: ಹೌದಪ್ಪ, ನನಗೂ ಅದೇ ಬಂತು. ಬರೆದವನೂ ನಾನೇ, ಅಳಿಸಿದವನೂ ನಾನೇ. ತಪ್ಪಾಯಿತು, ಪ್ರಮೋದ.