ಅಮ್ಮಚ್ಚಿ ಕರೆದ ಹಕ್ಕಿಗಳು

ಮಾತಾಡುವಾಗ ಅಮ್ಮಚ್ಚಿಯ ಬೆರಳುಗಳು ಸುಮ್ಮನಿರುತ್ತಿರಲಿಲ್ಲ. ತುದಿಯಲ್ಲಿ ಒಣಗಿ ಅಂಟಿದ ರಬ್ಬರ್ ಹಾಲನ್ನು ತೆಳ್ಳಗೆ ಸುಲಿದು, ಉಂಡೆ ಮಾಡಿ, ಅಂಗಳದಾಚೆ ಎಸೆಯುತ್ತಿದ್ದರು. ಕಡಬದ ಹತ್ತಿರ ನಮ್ಮ ಪಕ್ಕದ ಗುಡ್ಡೆಯವರು ಅವರು. ಕೇರಳದ ಹಿನ್ನೀರಿನ ಊರಿನಿಂದ ಮದುವೆಯಾಗಿ ಬಂದವರು. ಅವರ ಮನೆಯವರು ಕರೆದಂತೆ ನಾವೂ ಅಮ್ಮಚ್ಚಿ ಎನ್ನುತ್ತಿದ್ದೆವು.

ತವರಿನಲ್ಲಿ ಅವರ ಅಪ್ಪನಿಗೆ ಬಾತುಕೋಳಿಗಳ ದೊಡ್ಡ ಹಿಂಡಿತ್ತಂತೆ. ಆ ನೆನಪಿಗೆ ಇಲ್ಲಿಯ ಕೆರೆಯಲ್ಲೂ ಒಂದಷ್ಟು ಸಾಕಿದ್ದರು. ಸಂಜೆ ದಂಡೆಯಲ್ಲಿ ನಿಂತು “ವಾ ವಾ ವಾ” ಎಂದು ಮಲಯಾಳದಲ್ಲಿ ಕರೆದರೆ ಅವು ಗೊಣಗುತ್ತ ಮೇಲೆ ಬರುತ್ತಿದ್ದವು. ಗೂಡಿನ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದೊಂದರ ಬೆನ್ನು ಮುಟ್ಟಿ ಒಳಗೆ ಬಿಡುವುದು ಅವರ ಕ್ರಮ. “ಎಲ್ಲ ಬಂತಾ ಅಂತ ಕೈಗೆ ಗೊತ್ತಾಗ್ತದೆ ಮೋಳೆ,” ಎನ್ನುತ್ತಿದ್ದರು. ಮೋಳೆ ಎಂದರೆ ಮಗಳು. ಅವರಿಗೆ ಹೆಣ್ಣುಮಕ್ಕಳಿರಲಿಲ್ಲ, ಆ ಜಾಗವನ್ನು ನಾನು ಚಿಕ್ಕಂದಿನಲ್ಲೇ ಹಿಡಿದುಕೊಂಡಿದ್ದೆ.

ಬರಬರುತ್ತ ಅವರ ಕಣ್ಣು ಮಂಜಾಯಿತು. ನೇರ ಎದುರಿಗಿದ್ದದ್ದು ಮಾತ್ರ ಕಾಣುತ್ತಿತ್ತು. ಅದೂ ಹೆಚ್ಚು ಕಾಲ ಉಳಿಯುವುದಿಲ್ಲ ಎಂದರು ಪುತ್ತೂರಿನ ಡಾಕ್ಟರು. ಅಲ್ಲಿಂದ ವಾಪಸು ಬರುವಾಗ ಅಮ್ಮಚ್ಚಿ ಅಳಲಿಲ್ಲ.

“ಇಲ್ಲಿ ಎಲ್ಲ ಉಂಟು ಮೋಳೆ. ಗುಡ್ಡೆ ಉಂಟು, ಮಳೆ ಉಂಟು. ಕಣ್ಣು ಹೋದಷ್ಟು ನೀರು, ಅದರ ತುಂಬ ಹಕ್ಕಿ, ಅದು ಮಾತ್ರ ಇಲ್ಲ. ಒಮ್ಮೆ ಅದನ್ನು ನೋಡಿಬಿಡ್ಬೇಕು.”

ತವರಿಗೇ ಹೋಗೋಣವೇ ಎಂದೆ. “ಅಲ್ಲಿ ಈಗ ಯಾರುಂಟು? ಹಕ್ಕಿ ಇರುವಲ್ಲಿಗೆ ಹೋಗುವ,” ಎಂದರು.

ಸುಳ್ಯ, ಮಡಿಕೇರಿ ದಾಟಿ ಮೈಸೂರಿನಾಚೆಯ ಪಕ್ಷಿಧಾಮಕ್ಕೆ ಹೋದೆವು. ದಾರಿಯುದ್ದಕ್ಕೂ ನಿಂಬೆಹಣ್ಣು ಮೂಸುತ್ತಿದ್ದವರು ಹೊಳೆ ಕಂಡದ್ದೇ ನೆಟ್ಟಗೆ ಕೂತರು. ದೋಣಿಯಲ್ಲಿ ನಾನು ಅವರ ಗಲ್ಲ ಹಿಡಿದು, ಹಕ್ಕಿ ಇದ್ದ ಕಡೆಗೆ ಮುಖ ತಿರುಗಿಸುತ್ತಿದ್ದೆ. ಚಪ್ಪಟೆ ಕೊಕ್ಕಿನ ಒಂದು ಬಿಳಿ ಹಕ್ಕಿ ಕಂಡಾಗ, “ಇದನ್ನು ಮಾಡುವಾಗ ದೇವರ ಕೈಯಲ್ಲಿ ಸಟ್ಟುಗ ಇತ್ತಾ ಎಂತದು?” ಎಂದು ನಕ್ಕರು.

ಹೊತ್ತು ಇಳಿಯಿತು. ಹಕ್ಕಿಗಳು ಇನ್ನೂ ನೀರಿನಲ್ಲೇ ಇದ್ದವು. ಅಮ್ಮಚ್ಚಿಗೆ ಚಡಪಡಿಕೆ ಶುರುವಾಯಿತು. ನಾನು ತಡೆಯುವಷ್ಟರಲ್ಲಿ “ವಾ ವಾ ವಾ” ಎಂದು ಹೊಳೆಗೆಲ್ಲ ಕೇಳುವಂತೆ ಕರೆದೇಬಿಟ್ಟರು.

“ಅಜ್ಜಿ, ಕೂಗ್ಬಾರ್ದು, ಹಕ್ಕಿ ಗಾಬರಿಯಾಯ್ತವೆ,” ಎಂದ ದೋಣಿಯವನು. ಅಮ್ಮಚ್ಚಿ ನಾಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸ್ವಲ್ಪ ಹೊತ್ತಿಗೆ ಹಕ್ಕಿಗಳು ತಮ್ಮಷ್ಟಕ್ಕೇ ಎದ್ದು, ನಮ್ಮ ತಲೆಯ ಮೇಲೆ ಹಾದು, ನಡುಗಡ್ಡೆಯ ಮರಗಳಿಗೆ ಹೋದವು.

“ಇವು ಕರೆಯದಿದ್ದರೂ ಮನೆಗೆ ಹೋಗ್ತವಲ್ಲ,” ಎಂದರು ಮೆಲ್ಲಗೆ. ಅವರ ಬಲಗೈ ಮಾತ್ರ ಅಂಗೈ ಬಿಡಿಸಿಕೊಂಡು ಮೊಣಕಾಲ ಮೇಲೆ ಕಾಯುತ್ತಲೇ ಇತ್ತು. ನನಗೆ ಅಳು ಬಂತು.

ಅಮ್ಮಚ್ಚಿ ಹೋದದ್ದು ಕಳೆದ ವರ್ಷ. ಆಗ ಕಣ್ಣು ಪೂರ್ತಿ ಹೋಗಿತ್ತು. ಇಗರ್ಜಿಯ ಹಿಂದೆ ಮಣ್ಣು ಮಾಡಿ ಬಂದಾಗ ಮನೆ ತುಂಬ ಜನ. ಬಾತುಕೋಳಿಗಳ ನೆನಪು ಯಾರಿಗೂ ಇರಲಿಲ್ಲ. ಅವು ಕೆರೆಯ ನಡುವೆಯೇ ಇದ್ದವು. ದಂಡೆಯಲ್ಲಿ ನಿಂತು “ವಾ ವಾ ವಾ” ಎಂದೆ. ಬಂದವು. ಗೂಡಿನ ಬಾಗಿಲವರೆಗೆ ಬಂದು ನಿಂತವು; ಒಳಗೆ ಹೋಗಲಿಲ್ಲ. ಎಷ್ಟು ಓಡಿಸಿದರೂ ಸುತ್ತು ಹಾಕಿ ಮತ್ತೆ ಅಲ್ಲಿಯೇ ಬಂದು ನಿಂತವು.

ಕೊನೆಗೆ ನಾನು ಕುಕ್ಕರಗಾಲಲ್ಲಿ ಕೂತು ಕೈ ಚಾಚಿದೆ. ಮೊದಲನೆಯದು ಬೆನ್ನು ತಗ್ಗಿಸಿ ಅಂಗೈಯ ಕೆಳಗೆ ಹಾದು ಒಳಗೆ ಹೋಯಿತು. ಅದರ ಹಿಂದೆ ಇನ್ನೊಂದು ಬಂತು.