ಕೈ ಹಿಡೀತದ್ರಿ

ಕಸ್ತೂರಕ್ಕ, ನಿಮ್ಮ ಬಲಗೈಯ ಬೆರಳುಗಳು ಹೋದದ್ದು ನಿಮ್ಮ ತಪ್ಪಿನಿಂದಲ್ಲ, ನನ್ನಿಂದ. ನೀವು ಮೊದಲೇ ಹೇಳಿದ್ದಿರಿ — ನಾನು ಅದನ್ನು ತಿರುಚಿ ಹೇಳಿದೆ.

ಆ ವಿದೇಶಿ ಕಂಪನಿಯವರು ತೊಗರಿ ಒಡೆದು ಬೇಳೆ ಮಾಡುವ ಸಣ್ಣ ಯಂತ್ರವೊಂದನ್ನು ಹಲಬರ್ಗಾದ ನಿಮ್ಮ ಮನೆಯಲ್ಲಿ ಇಟ್ಟಿದ್ದರು. ನಮ್ಮಂಥ ಊರುಗಳಿಂದ ಕಲಿಯಬೇಕು, ಕಲಿತು ಯಂತ್ರ ತಿದ್ದಬೇಕು, ಆಮೇಲೆ ಬೇರೆ ದೇಶಗಳಲ್ಲೂ ಮಾರಬೇಕು — ಇದು ಅವರ ವಿಚಾರ. ಅವರಿಗೆ ಕನ್ನಡ ಬಾರದು. ಅದಕ್ಕೇ ಬೀದರಿನಿಂದ ನನ್ನನ್ನು ದುಭಾಷಿಯಾಗಿ ಕರೆತಂದಿದ್ದರು. ಎಲ್ಲ ಚೆನ್ನಾಗಿ ನಡೆದರೆ ನೌಕರಿ ಕಾಯಂ ಎಂದೂ ಹೇಳಿದ್ದರು.

ಯಂತ್ರ ಹೇಗಿದೆ ಎಂದು ಅವರು ಕೇಳಿದಾಗ ನೀವು ತೊಗರಿ ಸುರಿಯುವ ಬಾಯಿಯನ್ನು ತೋರಿಸಿ ಅಂದಿರಿ: "ಇದು ಕೈ ಹಿಡೀತದ್ರಿ."

ನನಗೆ ಅರ್ಥವಾಗಿತ್ತು. ಕೈಯನ್ನು ಒಳಗೆ ಎಳೆಯುತ್ತದೆ, ಹೆದರಿಕೆಯಾಗುತ್ತದೆ — ನಿಮ್ಮ ಮುಖದಲ್ಲೇ ಬರೆದಂತಿತ್ತು. ಆದರೆ ಅವರೆಲ್ಲ ನಗುನಗುತ್ತ ಕಾಯುತ್ತಿದ್ದರು, ಮತ್ತು ನಾನು... ಕಷ್ಟಕಾಲದಲ್ಲಿ ಕೈ ಹಿಡಿಯುತ್ತದಂತೆ, ಬಾಳಿಗೆ ಆಸರೆಯಂತೆ ಎಂದುಬಿಟ್ಟೆ ಇಂಗ್ಲಿಷಿನಲ್ಲಿ. ಅವರು ಚಪ್ಪಾಳೆ ತಟ್ಟಿದರು. ನಿಮ್ಮ ಮಾತು ಅವರಿಗೆ ಮುಟ್ಟಿತೆಂದು ನೀವೂ ನಕ್ಕಿರಿ. 

ಮುಂದಿನ ಸುಗ್ಗಿಯಲ್ಲಿ ಅದು ನಿಮ್ಮ ಕೈ ಎಳೆದುಕೊಂಡಿತು. ನೀವು ಭಾಲ್ಕಿಯ ಆಸ್ಪತ್ರೆಯಲ್ಲಿ ಮಲಗಿದ್ದಾಗ ಕಂಪನಿಯವರು ವಿಚಾರಣೆಗೆ ಬಂದರು. ಬಳಸಿದವಳ ಅಜಾಗರೂಕತೆ ಎಂದರು. ಅದನ್ನು ಮಾತ್ರ ನಾನು ಒಂದಕ್ಷರ ತಪ್ಪದೆ ನಿಮಗೆ ಕನ್ನಡದಲ್ಲಿ ಹೇಳಿದೆ.

ಈಗ ಔರಾದಿಗೆ ಬಂದಿರುವ ಹೊಸ ಯಂತ್ರಗಳ ಬಾಯಿಗೆ ಜಾಲರಿ ಇದೆ. ಇದನ್ನು ಭಾರತದ ಹಳ್ಳಿಯ ಹೆಂಗಸರಿಂದ ಕಲಿತೆವು ಎಂದು ಅವರು ಸಭೆಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನಿಮ್ಮ ಒಂದು ಮಾತಿನಿಂದ ಕಲಿಯಬಹುದಿತ್ತು, ನಾನು ಕಲಿಯಗೊಡಲಿಲ್ಲ. ಆ ಭಾಷಣಗಳನ್ನೂ ನಾನೇ ಕನ್ನಡಕ್ಕೆ ತರುತ್ತೇನೆ — ನೌಕರಿ ಕಾಯಂ ಆಯಿತಲ್ಲ.

ಹೋದ ವಾರ ಎಲ್ಲವನ್ನೂ ಹೇಳಿಬಿಡಬೇಕೆಂದೇ ನಿಮ್ಮ ಮನೆಗೆ ಬಂದೆ. ನಾನು ಬಾಯಿ ತೆರೆಯುವ ಮೊದಲೇ ನೀವು ಅಂದಿರಿ: "ನನ್ನ ಗಲತಿಯಿಂದ ನೀವು ಕಂಪನಿಯವರ ಕಡಿಂದ ಮಾತು ಕೇಳೋಹಂಗ ಆತ್ರಿ ಮ್ಯಾಡಂ. ಮನಸ್ನಾಗ ಇಟ್ಕೋಬ್ಯಾಡ್ರಿ, ಮಾಫ್ ಮಾಡ್ರಿ."

"ಇರ್ಲಿ ಬಿಡ್ರಿ ಅಕ್ಕ," ಅಂದೆ.

ನೀವು ಎಡಗೈಯಿಂದ ಕೊಟ್ಟ ಚಹಾ ಕುಡಿದು, ನಿಮ್ಮನ್ನು ಕ್ಷಮಿಸಿ, ಎದ್ದು ಬಂದೆ.